ಚಾವಡಿಯಲ್ಲಿ ಸರ್ವರ್ ಇದ್ದ ದಿನಗಳು

ಮಣಿಪಾಲದ ಕಂಪ್ಯೂಟರ್ ಅಂಗಡಿಯವರು ಎರಡು ಯಂತ್ರಗಳನ್ನು ತೋರಿಸಿ, ಯಾವುದು ಬೇಕೆಂದು ಕೇಳಿದರು. ಒಂದು, ಜನ ಆಗಷ್ಟೇ ಮನೆಗೆ ಕೊಳ್ಳಲು ತೊಡಗಿದ್ದ, ಎರಡು ಕೋರ್‌ಗಳ ಹೊಸ ಪ್ರೊಸೆಸರಿನದು. ಇನ್ನೊಂದು, ಯಾವುದೋ ಕಚೇರಿಯವರು ಹಳತಾಯಿತೆಂದು ಹೊರಗೆ ಹಾಕಿದ್ದ ಸರ್ವರ್. ಅದರೊಳಗೆ ಬೇರೆ ಬೇರೆಯಾಗಿ ಎರಡು ಪ್ರೊಸೆಸರುಗಳು, ಒಂದೊಂದರ ಮೇಲೂ ಅಂಗೈಯಗಲದ ಫ್ಯಾನು. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ.

"ನಿಮಗೆ ಎಂತಕ್ಕೆ ಮೇಡಂ ಇದು? ಇಮೇಲ್ ನೋಡಲಿಕ್ಕಾ?"

"ಅಲ್ಲ. ಹಗಲೂ ರಾತ್ರಿ ಲೆಕ್ಕ ಮಾಡಿಸಲಿಕ್ಕೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ವಿವರಿಸಿದೆ. ರೋಗಗಳ ಸಂಶೋಧನೆಗೆ ಬೇಕಾದ ದೊಡ್ಡ ಲೆಕ್ಕವನ್ನು ಸಣ್ಣ ಸಣ್ಣ ಚೂರು ಮಾಡಿ, ಇಂಟರ್ನೆಟ್ಟಿನ ಮೂಲಕ ಸಾವಿರಾರು ಮನೆಗಳ ಕಂಪ್ಯೂಟರುಗಳಿಗೆ ಹಂಚುವ ಒಂದು ಯೋಜನೆಯಿತ್ತು. ದೇಹದೊಳಗಿನ ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ ಎಂಬುದರ ಲೆಕ್ಕ ಅದು; ಮಡಿಕೆ ತಪ್ಪಿದರೆ ನಡುಕ, ಮರೆವಿನಂಥ ರೋಗಗಳು ಬರುತ್ತವಂತೆ. ನಮ್ಮ ಪಾಲಿಗೆ ಬಂದ ಚೂರನ್ನು ಮಾಡಿ ಮುಗಿಸಿ ವಾಪಸು ಕಳುಹಿಸಿದರೆ, ಇನ್ನೊಂದು ಚೂರು ಬರುತ್ತದೆ. ನಾನು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಕೈ ನಡುಗುವ, ಹೆಂಡತಿಯ ಮುಖ ಮರೆತುಹೋದ ಎಷ್ಟೋ ಜನರಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದೇನೆ. ಕಾಪುವಿನ ಮನೆಯಲ್ಲಿ ಒಬ್ಬಳೇ ಕುಳಿತು ಮಾಡಬಹುದಾದ ಡ್ಯೂಟಿ ಇದೊಂದೇ ಎಂದು ನನಗೆ ಅನಿಸಿತ್ತು. ಇದ್ದ ಹಳೆಯ ಕಂಪ್ಯೂಟರ್ ಆ ಕೆಲಸಕ್ಕೆ ಏದುಸಿರು ಬಿಟ್ಟು ಸತ್ತುಹೋಗಿತ್ತು.

"ಹಾಗಾದ್ರೆ ಹೊಸತೇ ತಗೊಳ್ಳಿ," ಅಂದರು ಅಂಗಡಿಯವರು. "ಸರ್ವರಿನ ಮೇಲೆ ವೇಗ ಮೂರು ಚಿಲ್ಲರೆ ಗಿಗಾಹರ್ಟ್ಸ್ ಅಂತ ಉಂಟು, ಹೊಸತರ ಮೇಲೆ ಎರಡು ಚಿಲ್ಲರೆ. ಅದನ್ನು ನೋಡಬೇಡಿ. ಹೊಸತು ಒಂದು ಹೆಜ್ಜೆಯಲ್ಲಿ ಮಾಡುವ ಕೆಲಸಕ್ಕೆ ಹಳತು ಎರಡು ಹೆಜ್ಜೆ ಹಾಕಬೇಕು. ಕರೆಂಟ್ ಜಾಸ್ತಿ ತಿಂತದೆ, ಬಿಸಿಯಾಗ್ತದೆ, ಶಬ್ದ ಬೇರೆ."

"ಇಪ್ಪತ್ತನಾಲ್ಕು ಗಂಟೆ ಓಡಲಿಕ್ಕೆ ಮಾಡಿದ್ದು ಯಾವುದು?"

"ಸರ್ವರ್. ಅದರ ಮೆಮೊರಿ ಕೂಡ ಬೇರೆ ನಮೂನೆಯದ್ದು. ಎಲ್ಲಿಯಾದ್ರೂ ಒಂದು ಅಂಕಿ ತಪ್ಪಿದ್ರೆ ಅದೇ ಹಿಡಿದು ಸರಿ ಮಾಡ್ತದೆ."

"ಹೊಸತರಲ್ಲಿ ತಪ್ಪಿದರೆ?"

"ತಪ್ಪುವುದಿಲ್ಲ ಮೇಡಂ."

"ತಪ್ಪಿದರೆ?"

"ತಪ್ಪಿದ್ರೆ... ಗೊತ್ತಾಗುವುದಿಲ್ಲ."

"ಸರ್ವರ್ ಕಟ್ಟಿಕೊಡಿ," ಅಂದೆ.

ನಮ್ಮ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಅಪಾಯದ ಔಷಧಿ ಸಿರಿಂಜಿಗೆ ಎಳೆದರೆ, ಅದನ್ನು ಇನ್ನೊಬ್ಬ ನರ್ಸು ನೋಡಿ, ಪ್ರಮಾಣವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹೇಳದೆ ಯಾರ ಮೈಗೂ ಸೂಜಿ ತಾಗುವಂತಿಲ್ಲ. ತಪ್ಪಾದರೆ ಗೊತ್ತೇ ಆಗದ ಯಂತ್ರಕ್ಕೆ ನಾನು ರೋಗಿಗಳ ಲೆಕ್ಕ ಒಪ್ಪಿಸುವುದು ಸಾಧ್ಯವಿರಲಿಲ್ಲ. ಅಂಗಡಿಯವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಇಷ್ಟೇ; ಶಬ್ದದ ಮಾತು ಬೀಳಲಿಲ್ಲ.

ರಿಕ್ಷಾದವನು ಅದನ್ನು ಸೀಟಿಗೆ ಹತ್ತಿಸುವಾಗ, "ಇದೆಂತ ಅಮ್ಮಾ, ಫ್ರಿಜ್ಜಾ?" ಅಂದ. ಕಟಪಾಡಿ ದಾಟುವವರೆಗೂ ನಾನು ಅದನ್ನು ತಬ್ಬಿಕೊಂಡೇ ಕುಳಿತಿದ್ದೆ.

ಅದು ಮನೆಯ ಮುಂಭಾಗದ ಚಾವಡಿಯಲ್ಲೇ ಇರಬೇಕಾಯಿತು. ಟೆಲಿಫೋನ್ ತಂತಿ ಬರುವುದು ಅಲ್ಲಿಗೆ; ಮೋಡೆಮ್ ಅಲ್ಲೇ, ಫೋನ್ ಅಲ್ಲೇ. ಗುಂಡಿ ಒತ್ತಿದ ಕೂಡಲೇ ಫ್ಯಾನುಗಳು ಎದ್ದು ಊಳಿಟ್ಟವು. ಮೊದಲ ದಿನ ತಲೆನೋವು ಬಂತು. ವಾರ ಕಳೆಯುವಷ್ಟರಲ್ಲಿ ಅಭ್ಯಾಸವಾಯಿತು. ಆಮೇಲೆ, ನಿಜ ಹೇಳಬೇಕೆಂದರೆ, ಹಿತವಾಗತೊಡಗಿತು. ಪೇಟೆಗೆ ಹೋಗಿ ಬಂದು ಬಾಗಿಲು ತೆಗೆಯುವಾಗ ಒಳಗೆ ಯಾರೋ ಕೆಲಸದಲ್ಲಿ ತೊಡಗಿದ್ದಾರೆ ಎನಿಸುತ್ತಿತ್ತು. ವಾರ್ಡಿನಲ್ಲಿ ಬದುಕಿದವರಿಗೆ ಶಬ್ದವಿಲ್ಲದ ಮನೆ ಒಗ್ಗುವುದಿಲ್ಲ. ನಿವೃತ್ತಿಯ ನಂತರ ನಾನು ಬೆಳಗ್ಗೆ ಅದೇ ಹೊತ್ತಿಗೆ ಎದ್ದು, ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ಕ್ರಮದಲ್ಲೇ ಮಡಚಿ, ಸ್ನಾನ ಮುಗಿಸಿ ಸಿದ್ಧಳಾಗಿ ನಿಲ್ಲುತ್ತಿದ್ದೆ. ಸಿದ್ಧಳಾದ ಮೇಲೆ ಎಲ್ಲಿಗೂ ಹೋಗುವುದಿರಲಿಲ್ಲ. ಸರ್ವರ್ ಬಂದ ಮೇಲೆ, ಕನಿಷ್ಠ ಅದರ ಮುಂದೆ ನಿಂತು ಲೆಕ್ಕ ಎಷ್ಟಾಯಿತೆಂದು ನೋಡಬಹುದಿತ್ತು.

ಆ ದಿನಗಳಲ್ಲಿ ನನಗಿದ್ದ ಒಬ್ಬಳೇ ಗೆಳತಿ ಕಾರ್ಕಳದಲ್ಲಿದ್ದಳು. ಅವಳೂ ನಮ್ಮದೇ ಆಸ್ಪತ್ರೆಯ ನರ್ಸು, ಗಂಡ ತೀರಿಕೊಂಡ ಮೇಲೆ ಒಂಟಿ. ಅವಳ ಮನೆಮಾತು ತುಳು, ನನ್ನದು ಕೊಂಕಣಿ. ಇಬ್ಬರಿಗೂ ಸಾಮಾನ್ಯವಾದದ್ದು ವಾರ್ಡಿನಲ್ಲಿ ಕಲಿತ ಕನ್ನಡ. ಕೆಲಸ ಬಿಟ್ಟರೂ ಒಬ್ಬರನ್ನೊಬ್ಬರು 'ಸಿಸ್ಟರ್' ಅನ್ನುವುದು ಬಿಟ್ಟಿರಲಿಲ್ಲ. ನಮ್ಮೊಳಗೆ ಒಂದು ಏರ್ಪಾಡಿತ್ತು. ದಿನಾ ಬೆಳಗ್ಗೆ ಕಾಫಿಯ ಹೊತ್ತಿಗೆ ಅವಳು ನನ್ನ ಫೋನಿಗೆ ಒಂದೇ ಒಂದು ರಿಂಗ್ ಕೊಟ್ಟು ಇಡುತ್ತಾಳೆ. ನಾನು ಎತ್ತುವುದಿಲ್ಲ, ತಿರುಗಿ ಅವಳಿಗೆ ಒಂದು ರಿಂಗ್ ಕೊಟ್ಟು ಇಡುತ್ತೇನೆ. ನಾನು ಎದ್ದಿದ್ದೇನೆ, ನೀನೂ ಎದ್ದಿದ್ದಿ, ಅಷ್ಟೇ. ರಾತ್ರಿ ಪಾಳಿಯವರು ಹಗಲಿನವರಿಗೆ ವಾರ್ಡು ಒಪ್ಪಿಸುವ ಹಾಗೆ. ಊರಿನವರೆಲ್ಲ ಆಗ ಮಿಸ್ಡ್ ಕಾಲಿನಲ್ಲೇ ಮಾತಾಡುತ್ತಿದ್ದರು. ಮೊಬೈಲ್ ಮಾತ್ರ ನಾವಿಬ್ಬರೂ ಕೊಂಡಿರಲಿಲ್ಲ. ರಿಂಗ್ ಬಾರದಿದ್ದರೆ ಪೂರ್ತಿ ಫೋನ್ ಮಾಡಿ ನೋಡುವುದು. ಅದನ್ನೂ ಎತ್ತದಿದ್ದರೆ ಹೊರಟು ಬರುವುದು. ಈ ನಿಯಮ ಮಾಡಿದವಳು ನಾನೇ. ಬಾತ್‌ರೂಮಿನಲ್ಲಿ ಬಿದ್ದು ಮೂರನೆಯ ದಿನ ಸಿಕ್ಕಿದವರನ್ನು ನಾವಿಬ್ಬರೂ ಸ್ಟ್ರೆಚರಿನಿಂದ ಇಳಿಸಿದ್ದೆವು.

ಸೆಖೆ ಏರಿದ ಒಂದು ಬೆಳಗ್ಗೆ ಸರ್ವರಿನ ಬಿಸಿಗೆ ಚಾವಡಿ ಅಡುಗೆಮನೆಯಂತಾಗಿತ್ತು. ಫ್ಯಾನುಗಳು ಪೂರ್ತಿ ವೇಗಕ್ಕೆ ಹೋಗಿದ್ದವು. ನಾನು ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋದೆ. ಅಲ್ಲಿ ಗಾಳಿಯಿತ್ತು, ಬಾವಿಕಟ್ಟೆ ತೊಳೆಯುವುದಿತ್ತು, ತೊಳೆದೆ. ಒಳಗೆ ಬಂದಾಗ ನೆನಪಾಯಿತು: ರಿಂಗ್ ಬಂದಿಲ್ಲ. ಕಾದೆ. ಅವಳ ನಂಬರ್ ತಿರುಗಿಸಿದೆ. ಅತ್ತ ಗಂಟೆ ಬಾರಿಸುತ್ತಲೇ ಇತ್ತು. ಇಟ್ಟು, ಮತ್ತೆ ತಿರುಗಿಸಿದೆ. ಯಾರೂ ಎತ್ತಲಿಲ್ಲ.

ಲೆಕ್ಕದ ಚೂರು ಅರ್ಧಕ್ಕೆ ಬಂದಿತ್ತು, ಯಂತ್ರ ಆರಿಸಲಿಲ್ಲ. ಬೀಗ ಹಾಕಿ ಹೊರಟೆ.

ಕಟಪಾಡಿಯಲ್ಲಿ ಬಸ್ ಬದಲಿಸಬೇಕು. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದವರೆಗೆ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಮಾಡಬೇಕಾದ್ದನ್ನು ಕ್ರಮವಾಗಿ ಮನಸ್ಸಿನಲ್ಲಿ ಜೋಡಿಸಿದೆ. ಮೊದಲು ಪಕ್ಕದ ಮನೆಯವರನ್ನು ಕರೆದು ಬಾಗಿಲು ತೆರೆಸುವುದು. ನಾಡಿ ನೋಡುವುದು. ಆಮೇಲೆ ಅವಳ ಅಣ್ಣನ ಮಗಳಿಗೆ ತಿಳಿಸುವುದು. ಅವಳು ಕಾರ್ಕಳದಲ್ಲೇ ಇರುವವಳು. ಮುಂಬಯಿಯಲ್ಲಿರುವ ಗೆಳತಿಯ ತಂಗಿಗೆ ಅಣ್ಣನ ಮಗಳೇ ಹೇಳಲಿ. ಇಷ್ಟು ಜೋಡಿಸಿ ಆದ ಮೇಲೂ ದಾರಿ ಉಳಿದಿತ್ತು. ಆ ಉಳಿದ ದಾರಿಯಲ್ಲಿ ಅದನ್ನೇ ಮೊದಲಿನಿಂದ ಮತ್ತೆ ಜೋಡಿಸಿದೆ.

ಅವಳ ಮನೆಗೆ ಹೊರಗಿನಿಂದ ಬೀಗ. ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ ಕೇಳಿದರು, "ಯಾರು ಬೇಕಿತ್ತು?"

ಗೆಳತಿಯ ಬಗ್ಗೆ ಕೇಳಿದೆ.

"ಅವರು ಬೆಳಿಗ್ಗೆಯೇ ಕಾಪುಗೆ ಹೋದ್ರು. ಅಲ್ಲಿ ಅವರ ಗುರ್ತದವರು ಒಬ್ರು ಹೋಗಿಬಿಟ್ರಂತೆ ಪಾಪ. ಒಂಟಿ ಹೆಂಗಸಂತೆ."

"ಹೌದಾ," ಅಂದೆ. ಆ ಹೋಗಿಬಿಟ್ಟವಳು ನಾನೇ ಎಂದು ಅವರಿಗೆ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿದೆ. ನಮ್ಮ ಬಸ್ಸುಗಳು ದಾರಿಯಲ್ಲೆಲ್ಲೋ ಒಂದನ್ನೊಂದು ದಾಟಿದ್ದವು.

ಕಾಪುವಿಗೆ ಮರಳುವಾಗ ಬಿಸಿಲು ನೆತ್ತಿ ದಾಟಿತ್ತು. ಅವಳು ನನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದಳು. ಕೈಯಲ್ಲಿ ನನ್ನದಲ್ಲದ ಸ್ಟೀಲ್ ಲೋಟ. ಕೆಳಗಿನ ಮೆಟ್ಟಿಲಲ್ಲಿ ಇನ್ನೊಬ್ಬ ಹೆಂಗಸು ಕುಳಿತಿದ್ದಳು. ಅವಳು ಎದುರಿನ ಬಾಡಿಗೆ ಕೋಣೆಯವಳು; ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದವಳು. ನನ್ನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ತನ್ನ ಮನೆಗೆ ಹೋದಳು.

"ಬಂದೆಯಾ ಸಿಸ್ಟರ್?" ಅಂದಳು ಗೆಳತಿ. "ನಿನ್ನ ಬೊಜ್ಜಕ್ಕೆ ನೀನೇ ಲೇಟು." ಬೊಜ್ಜವೆಂದರೆ ಅವಳ ತುಳುವಿನಲ್ಲಿ ಸತ್ತವರ ಉತ್ತರಕ್ರಿಯೆ.

"ನೀನು ರಿಂಗ್ ಕೊಡಲಿಲ್ಲ."

"ಕೊಟ್ಟೆ. ನೀನು ತಿರುಗಿ ಕೊಡಲಿಲ್ಲ. ಆಮೇಲೆ ಉದ್ದಕ್ಕೆ ಮಾಡಿದೆ. ಕೈ ಸೋತು ಬಚ್ಚುವವರೆಗೆ ಮಾಡಿದೆ. ಎತ್ತಲಿಲ್ಲ. ಇಲ್ಲಿ ಬಂದು ನೋಡಿದ್ರೆ ಹೊರಗೆ ಬೀಗ, ಒಳಗೆ ಎಂತದೋ ಗುಂಯ್ ಅಂತ ಉಂಟು. ಎಂತದು ಮಾರಾಯ್ತಿ ಅದು, ಹಿಟ್ಟಿನ ಮಿಲ್ಲು ಹಾಕಿದ್ದೀಯಾ?"

ಬಾಗಿಲು ತೆರೆದೆ. ಅವಳು ಹೊಸ್ತಿಲಲ್ಲೇ ನಿಂತು ಸೆರಗಿನ ತುದಿಯಿಂದ ಗಾಳಿ ಹಾಕಿಕೊಂಡಳು. ಸರ್ವರನ್ನು ನೋಡಿದಳು, ಅದರ ಪಕ್ಕದ ಫೋನನ್ನು ನೋಡಿದಳು.

"ಅಂಗಡಿಯಲ್ಲಿ ಬೇರೆ ಇರಲಿಲ್ವಾ?"

"ಇತ್ತು. ಅದಕ್ಕೆ ತಪ್ಪು ಗೊತ್ತಾಗುವುದಿಲ್ಲ. ಇದಕ್ಕೆ ಗೊತ್ತಾಗ್ತದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವ ಹಾಗೆ..."

"ಫೋನ್ ಬಂದದ್ದು ಗೊತ್ತಾಗ್ತದಾ ಇದಕ್ಕೆ?"

ನಾನು ಗುಂಡಿ ಒತ್ತಿ ಆರಿಸಿದೆ. ಫ್ಯಾನುಗಳು ಇಳಿದು ನಿಂತವು. ಅವಳು ನನ್ನ ಕುರ್ಚಿಯಲ್ಲಿ ಕುಳಿತಳು. ಇಷ್ಟು ಹೊತ್ತು ಗದರಿದವಳ ದನಿ ಸಣ್ಣದಾಯಿತು.

"ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ ಸಿಸ್ಟರ್. ನೀನು ಹೋಗಿದ್ರೆ ಯಾರಿಗೆ ಹೇಳುವುದು ಅಂತ. ಕಾರ್ಕಳದಿಂದ ಕಟಪಾಡಿವರೆಗೆ ಯೋಚನೆ ಮಾಡಿದೆ. ಒಬ್ಬರೂ ಸಿಗಲಿಲ್ಲ."

ನನ್ನ ತಂದೆತಾಯಿ ಹೋಗಿ ಬಹಳ ವರ್ಷಗಳಾಗಿದ್ದವು. ಇದ್ದ ಒಬ್ಬ ತಮ್ಮನೂ ಹೋಗಿದ್ದ. ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ದುಡಿದವರು ನನಗೆ ಹೆದರುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ, ಫೋಟೋ ತೆಗೆಸಿಕೊಂಡು, ಹಗುರವಾಗಿ ಹೋದರು. ಇದೆಲ್ಲ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ. ಅದೇ ಹೊತ್ತಿನಲ್ಲಿ, ಅದೇ ದಾರಿಯ ಇನ್ನೊಂದು ಬಸ್ಸಿನಲ್ಲಿ, ನಾನು ಅವಳ ಕಡೆಯವರನ್ನು ಒಬ್ಬರ ಹಿಂದೆ ಒಬ್ಬರಂತೆ ಜೋಡಿಸುತ್ತಾ ಕುಳಿತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

"ನಿನಗೆ ಹೇಳಿದರೆ ಸಾಕಲ್ಲ," ಅಂದೆ.

"ನನಗೆ ಯಾರು ಹೇಳುವುದು? ಈ ಮಿಲ್ಲಾ?" ಆಮೇಲೆ ಎದುರು ಮನೆಯ ಕಡೆ ಗಲ್ಲ ತೋರಿಸಿದಳು. "ಅವಳಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ಎರಡು ಮಕ್ಕಳು ಊರಲ್ಲಿ ಅಜ್ಜಿಯ ಹತ್ರ ಉಂಟಂತೆ. ಗಂಡನಿಗೆ ಬೆನ್ನುನೋವು. ನನಗೆ ನೀರು ಕೊಟ್ಟಳು, ರೊಟ್ಟಿ ಕೊಟ್ಟಳು. 'ಆ ಅಮ್ಮಾರು ಭಾಳ ಬಿಗಿ ರೀ, ಮಾತಾಡಿಸಾಕ ಅಂಜಿಕಿ ಆಗ್ತೈತಿ' ಅಂತಾಳೆ. ಎಷ್ಟು ಸಮಯ ಆಯ್ತು ಅವರು ಬಂದು?"

ಅವರು ಬಂದು ಎರಡು ಮಳೆಗಾಲ ಕಳೆದಿತ್ತು. ಆ ಹೆಂಗಸಿನ ಬಗ್ಗೆ ನನಗೆ ತಿಳಿದಿದ್ದದ್ದು, ಅವಳು ಬಟ್ಟೆಯನ್ನು ಸರಿಯಾಗಿ ಹಿಂಡದೆ ಒಣಹಾಕುತ್ತಾಳೆ ಎಂಬುದು ಮಾತ್ರ.

ನನ್ನ ಗೆಳತಿ ಊಟ ಮಾಡಿ, ಸ್ವಲ್ಪ ಮಲಗಿ, ಸಂಜೆಯ ಮೊದಲೇ ಹೊರಟಳು. ಬಸ್ ಹತ್ತುವಾಗ ಹೇಳಿದಳು, "ಇನ್ನೊಮ್ಮೆ ಹೀಗೆ ಬರಲಿಕ್ಕೆ ನನ್ನಿಂದ ಆಗುವುದಿಲ್ಲ. ರಿಂಗ್ ಕೇಳಿಸಿಕೊಳ್ಳುವುದಾದ್ರೆ ಕೊಡ್ತೇನೆ. ಇಲ್ಲದಿದ್ರೆ ಬೇಡ, ಇಬ್ರೂ ಬಿಟ್ಟುಬಿಡುವ." ತಮಾಷೆಯ ದನಿಯಲ್ಲಿ ಹೇಳಿದ ಮಾತಲ್ಲ ಅದು.

ಮರುದಿನ ಸರ್ವರನ್ನು ಮಣಿಪಾಲಕ್ಕೆ ವಾಪಸು ಒಯ್ದೆ. ಅಂಗಡಿಯವರು ಅದನ್ನು ತೆಗೆದುಕೊಂಡು, ಎರಡು ಕೋರ್‌ಗಳ ಹೊಸತನ್ನು ಕಟ್ಟಿಕೊಟ್ಟರು. ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ಸರ್ವರ್ ಬೆವರಿ ಬೆವರಿ ಮುಗಿಸುತ್ತಿದ್ದ ಚೂರನ್ನು ಇದು ತಣ್ಣಗೆ ಕುಳಿತು ಅದಕ್ಕಿಂತ ಬೇಗ ಮುಗಿಸುತ್ತಿತ್ತು. ಅಂಕಿ ತಪ್ಪಿದರೆ ಇದಕ್ಕೆ ಗೊತ್ತಾಗುವುದಿಲ್ಲ ಎಂಬ ಅಳುಕು ಮಾತ್ರ ನನ್ನಲ್ಲಿ ಉಳಿಯಿತು. ಚೂರು ಕಳುಹಿಸುವಾಗಲೆಲ್ಲ, ಅತ್ತ ಯಾರಾದರೂ ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ ಎಂದುಕೊಳ್ಳುತ್ತಿದ್ದೆ.

ಹೊಸ ಯಂತ್ರ ಓಡುತ್ತಿದೆಯೋ ಇಲ್ಲವೋ ತಿಳಿಯಲು ದೀಪ ನೋಡಬೇಕು. ಬಾಗಿಲು ತೆಗೆದರೆ ಈಗ ಮನೆ ನಾನು ಬಿಟ್ಟುಹೋದ ಹಾಗೆಯೇ ಇರುತ್ತಿತ್ತು. ಗೋಡೆಗಡಿಯಾರದ ಸದ್ದು ಎಷ್ಟು ಜೋರೆಂದು ಗೊತ್ತಾದದ್ದು ಆಗಲೇ. ಬೆಳಗಿನ ಒಂದು ರಿಂಗ್ ಮಾತ್ರ ತಪ್ಪದೆ ಕೇಳುತ್ತಿತ್ತು. ಅದರ ನಂತರ ಇಡೀ ದಿನ ಬಾಕಿಯಿರುತ್ತಿತ್ತು.

ಎದುರಿನ ಹೆಂಗಸು ಕೆಲಸಕ್ಕೆ ಹೋಗುವ ಮೊದಲು ದಿನಾ ನನ್ನ ಗೇಟಿನ ಹತ್ತಿರ ಬಂದು ನಿಲ್ಲತೊಡಗಿದಳು. "ನಾಷ್ಟಾ ಆತೇನ್ರಿ ಅಮ್ಮಾರ?" ಎಂದು ಕೇಳುತ್ತಿದ್ದಳು. "ಆಯಿತು," ಅನ್ನುತ್ತಿದ್ದೆ. 'ನಿಮ್ಮದು?' ಎಂದು ತಿರುಗಿ ಕೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಬಾಯಿಗೆ ಬರುವಷ್ಟರಲ್ಲಿ ಅವಳು ಬುತ್ತಿ ಹಿಡಿದು, ಗಂಡನ ಹಿಂದೆ ರಸ್ತೆಯ ತಿರುವು ದಾಟಿರುತ್ತಿದ್ದಳು. ಒಂದು ದಿನ ಮಾತ್ರ ನಾನು ಮೊದಲೇ ಹೋಗಿ ಗೇಟಿನ ಬಳಿ ನಿಂತಿದ್ದೆ. ಅಂದು ಭಾನುವಾರ, ಅವರಿಗೆ ರಜೆ. ಅವರ ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತು ನಿಂತು ಒಳಗೆ ಬಂದೆ.