ಗೌಡಶಾನಿಯ ಮೊಣಕಾಲು ಮತ್ತು ಹುಬ್ಬಳ್ಳಿಯ ಮೋಟಾರು

ಗುರುತು ಪರಿಚಯವಿಲ್ಲದವರು ನನ್ನ ಆರೋಗ್ಯ ವಿಚಾರಿಸಿದರೆ ನನಗೆ ಸಂತೋಷವಾಗುವುದಿಲ್ಲ, ಸಂಶಯವಾಗುತ್ತದೆ. ನಿನ್ನೆಯ ಟಪಾಲಿನಲ್ಲಿ ಮುಂಬಯಿಯ ಯಾವುದೋ ಔಷಧದ ಅಂಗಡಿಯಿಂದ ಒಂದು ಕಾಗದ ಬಂತು. ನನ್ನ ಹೆಸರನ್ನು ತಪ್ಪಿಲ್ಲದೆ ಬರೆದು, ‘ತಮ್ಮ ಹೊಟ್ಟೆಯುಬ್ಬರ ಈಗ ಹೇಗಿದೆ?’ ಎಂದು ಕೇಳಿದ್ದರು. ನನ್ನ ಹೊಟ್ಟೆಯ ಸುದ್ದಿ ಕೊಪ್ಪಳದಿಂದ ಮುಂಬಯಿಗೆ ಯಾವ ಗಾಡಿ ಹತ್ತಿ ಹೋಯಿತು? ಹೆಂಡತಿಯನ್ನು ಕೇಳಿದೆ. ‘ನಿಮ್ಮ ತೇಗು ಅಲ್ಲೀಮಟ ಕೇಳಿಸಿರಬೇಕು ತಗೋರಿ’ ಎಂದು ನಗುತ್ತ ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಹತ್ತು ವರ್ಷದ ಹಿಂದೆ ಬೇರೊಬ್ಬರ ಮೊಣಕಾಲಿನ ಸುದ್ದಿಯನ್ನು ಹುಬ್ಬಳ್ಳಿಗೆ ಮುಟ್ಟಿಸಿದವನು ನಾನೇ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ ಎನ್ನೋಣವೆಂದರೆ, ಇದು ಊರಿಗೆಲ್ಲ ಗೊತ್ತಿರುವ ಮಾತು, ನಿಮಗೊಬ್ಬರಿಗೇ ಗೊತ್ತಿಲ್ಲ.

ಆಗಿನ್ನೂ ಯುದ್ಧ ಶುರುವಾಗಿರಲಿಲ್ಲ. ನಾನು ಶಾಲೆಯಲ್ಲಿ ಮಾಸ್ತರ. ಹಗಲು ಮಕ್ಕಳಿಗೆ ಪಾಠ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಊರವರ ಕಾಗದ ಓದಿ ಹೇಳುವುದು, ಉತ್ತರ ಬರೆದುಕೊಡುವುದು. ಈ ಕೆಲಸಕ್ಕೊಂದು ಕ್ರಮವಿದೆ. ಕಾಗದ ಕೈಗೆ ಬಂದ ಕೂಡಲೇ ಗಟ್ಟಿಯಾಗಿ ಓದಬಾರದು. ಮೊದಲು ಬಾಯಿ ಮುಚ್ಚಿಕೊಂಡು ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಬೇಕು. ಸಾವಿನ ಸುದ್ದಿಯಿದ್ದರೆ ಕಾಗದ ತಂದವರನ್ನು ಕೂರಿಸಿ ನೀರು ತರಿಸಬೇಕು. ಮನೆಯ ಗುಟ್ಟಿದ್ದರೆ ಕಟ್ಟೆಯ ಮೇಲಿನ ಉಳಿದವರನ್ನು ಏನಾದರೂ ನೆಪ ಹೇಳಿ ಎಬ್ಬಿಸಿ ಕಳಿಸಬೇಕು. ಯಾರ ಮಗ ಸೊಲ್ಲಾಪುರದ ಗಿರಣಿಯಲ್ಲಿ ಏನು ಮಾಡಿಕೊಂಡ, ಯಾರ ಸೊಸೆ ತವರಿನಿಂದ ಯಾಕೆ ಬರಲೊಲ್ಲಳು, ಎಲ್ಲ ನನ್ನ ಹೊಟ್ಟೆಯೊಳಗೇ ಇರುತ್ತಿತ್ತು. ಈಗಿನ ಉಬ್ಬರ ಆಗಲೇ ಶುರುವಾಯಿತೋ ಏನೋ.

ಹೀಗಿರುವಾಗ ಹುಬ್ಬಳ್ಳಿಯ ಒಂದು ಮೋಟಾರು ಅಂಗಡಿಯ ಏಜೆಂಟರು ನಮ್ಮ ಸೀಮೆಗೆ ಬಂದರು. ಶ್ಯಾಮರಾಯರೆಂದು ಹೆಸರು. ಮಾದರಿಗೆಂದು ತಂದ ಕರಿಯ ಮೋಟಾರು, ತಲೆಗೆ ಟೊಪ್ಪಿಗೆ, ಬಾಯಲ್ಲಿ ಸದಾ ಏಲಕ್ಕಿ. ಹಿಂದಿನ ವರ್ಷ ಅವರು ಕುಷ್ಟಗಿ ಸಂತೆಯಲ್ಲೂ ಯಲಬುರ್ಗಾ ಸಂತೆಯಲ್ಲೂ ಮೋಟಾರಿನ ಚಿತ್ರ ಅಚ್ಚು ಹಾಕಿದ ಕಾಗದಗಳನ್ನು ಹಿಡಿಹಿಡಿಯಾಗಿ ತೂರಿದ್ದರು. ಜನ ಮುಗಿಬಿದ್ದು ಆರಿಸಿಕೊಂಡರು. ಹನುಮಸಾಗರದವರೆಗೂ ಆರು ತಿಂಗಳು ಶೇಂಗಾ ಪುಟಾಣಿಯೆಲ್ಲ ಮೋಟಾರಿನ ಚಿತ್ರದಲ್ಲೇ ಕಟ್ಟಿಸಿಕೊಂಡು ಮನೆ ಸೇರಿತು. ಮೋಟಾರು ಮಾತ್ರ ಯಾರ ಮನೆಯನ್ನೂ ಸೇರಲಿಲ್ಲ.

ಅದಕ್ಕೇ ಈ ಸಲ ರಾಯರು ಬೇರೆ ಉಪಾಯ ತಂದಿದ್ದರು. ‘ಎಲ್ಲಾರಿಗೂ ಕೂಗಿ ಹೇಳಿದ್ರ ಯಾರೂ ಹೊಳ್ಳಿ ನೋಡೂದಿಲ್ಲರೀ. ಬೇಕಾದವನ ಕಿವಿಯೊಳಗ ಅವಂಗ ಬೇಕಾದ ಮಾತು ಹೇಳಬೇಕು’ ಎನ್ನುತ್ತಿದ್ದರು. ಆ ಬೇಕಾದವನು ಯಾರೆಂದು ತಿಳಿಯಲು ಒಂದು ದಪ್ಪ ಪುಸ್ತಕ. ಪುಟದ ತುಂಬ ಗೆರೆ ಎಳೆದು ಮನೆ ಮಾಡಿದ್ದರು: ಹೆಸರು, ಊರು, ಎತ್ತು ಕುದುರೆ, ಮನೆಯಲ್ಲಿ ಯಾರಿಗೆ ಏನು ಬೇನೆ, ಮದುವೆಗೆ ಬಂದ ಮಕ್ಕಳು, ಕೊನೆಯಲ್ಲಿ ‘ಮನಸ್ಸಿನ ಆಸೆ’. ನನ್ನ ಮನಸ್ಸಿನ ಆಸೆ ಏನೆಂದು ನನಗೇ ಇಂದಿನವರೆಗೆ ತಿಳಿದಿಲ್ಲ. ಅದನ್ನು ಬೆರಳಗಲದ ಮನೆಯಲ್ಲಿ ತುಂಬಿಸುವ ರಾಯರ ಧೈರ್ಯಕ್ಕೆ ಮೆಚ್ಚಬೇಕು.

ರಾಯರು ಪುಸ್ತಕ ಹಿಡಿದು ಬಜಾರಿನಲ್ಲಿ ಕುಳಿತರು. ಆದರೆ ನಮ್ಮ ಜನ ಎಂಥವರು? ಎತ್ತಿನ ವ್ಯಾಪಾರವನ್ನು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುವವರು. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ನಮ್ಮ ಅಜ್ಜಿಯಂತೂ ಮನೆಯ ಮಕ್ಕಳನ್ನು ಎಣಿಸಲಿಕ್ಕೆ ಬಿಡುತ್ತಿರಲಿಲ್ಲ. ಎಷ್ಟು ಮೊಮ್ಮಕ್ಕಳೆಂದು ಯಾರಾದರೂ ಕೇಳಿದರೆ, ‘ದೇವರು ಕೊಟ್ಟಷ್ಟು ಅದಾವು, ನಿನಗ್ಯಾಕ?’ ಎನ್ನುತ್ತಿದ್ದಳು. ಇಂಥ ಊರಿನಲ್ಲಿ ಪುಸ್ತಕ ಬಿಚ್ಚಿ ‘ನಿಮ್ಮಲ್ಲಿ ಎತ್ತು ಎಷ್ಟು?’ ಎಂದರೆ! ಸರಕಾರದ ಮನುಷ್ಯ ಎಂದು ಒಬ್ಬ, ಫೌಜಿಗೆ ಜನ ಹಿಡಿಯಲು ಬಂದವನು ಎಂದು ಇನ್ನೊಬ್ಬ ಗುಸುಗುಸು ಎಬ್ಬಿಸಿದರು. ಹನ್ನೆರಡು ಎತ್ತಿನವನು, ‘ಎರಡು ಅದಾವ್ರಿ, ಅವಕ್ಕೂ ನೆಗಡಿ’ ಎಂದ. ಏನೂ ಇಲ್ಲದ ಹಮಾಲನೊಬ್ಬ, ಕಳೆದುಕೊಳ್ಳುವುದು ಏನೂ ಇಲ್ಲವಲ್ಲ, ‘ಕುದುರಿ ಆರು ಅಂತ ಬರಕೊಳ್ರಿ. ಆನಿ ಮೇಯಾಕ ಹೋಗೇತಿ’ ಎಂದ. ರಾಯರು ಅದನ್ನೂ ಬರೆದುಕೊಂಡರು.

ಆಮೇಲೆ ಯಾರೋ ಬುದ್ಧಿ ಹೇಳಿದರೆಂದು ಟಾಂಗಾ ಹೊಡೆಯುವ ಹುಸೇನಸಾಬನ ಬಳಿ ಹೋದರು. ಊರಿನ ದೊಡ್ಡ ಮನೆಗಳ ಹೆಣ್ಣುಮಕ್ಕಳು ಸ್ಟೇಶನ್ನಿಗೆ ಹೋಗಬೇಕಾದರೆ ಅವನ ಟಾಂಗಾವೇ ಆಗಬೇಕು. ಯಾರು ಎಲ್ಲಿಗೆ ಹೋಗುತ್ತಾರೆ, ಎಷ್ಟು ಸಲ ಹೋಗುತ್ತಾರೆ ಎಂದು ರಾಯರು ಕೇಳಿದಾಗ ಹುಸೇನಸಾಬ ಕುದುರೆಯ ಬಾಯಿಗೆ ಹುಲ್ಲು ಕೊಡುತ್ತ, ‘ಹಿಂದ ಕುಂತವರು ಆಡಿದ್ದೆಲ್ಲಾ ನನ್ನ ಬೆನ್ನಿಗೆ ಕೇಳಸತೈತ್ರಿ ಸಾಹೇಬ್ರ. ಬಾಯಿಗೆ ಗೊತ್ತಿಲ್ಲ’ ಎಂದನಂತೆ. ನಮ್ಮ ಬಳೆಗಾರರೂ ಹೀಗೆಯೇ. ಊರಿನ ಪ್ರತಿ ಹೆಂಗಸಿನ ಕೈಯಳತೆ ಅವರಿಗೆ ಬಾಯಿಪಾಠ. ಯಾವ ಕೈ ಈಚೆಗೆ ಸೊರಗಿದೆ, ಯಾವ ಮನೆಯಲ್ಲಿ ಅಳು ಹೆಚ್ಚಾಗಿದೆ, ಎಲ್ಲ ಬಳೆ ಏರಿಸುವಾಗ ಬೆರಳಿಗೆ ತಿಳಿಯುತ್ತದೆ. ಆದರೂ ಒಂದು ಮನೆಯ ಅಳತೆ ಇನ್ನೊಂದು ಮನೆಯಲ್ಲಿ ಹೇಳಿದ ಬಳೆಗಾರನನ್ನು ನಾನು ಕಂಡಿಲ್ಲ. ಗೊತ್ತಿರುವುದು ಬೇರೆ, ಬರೆದಿಡುವುದು ಬೇರೆ ಎಂಬ ವಿವೇಕ ಅವರಿಗೆಲ್ಲ ಇತ್ತು. ಓದಿದವನಾದ ನನಗೆ ಇರಲಿಲ್ಲ.

ರಾಯರು ಕೊನೆಗೆ ನನ್ನ ಕಟ್ಟೆಗೆ ಬಂದರು. ದುಡ್ಡಿನ ಆಸೆ ತೋರಿಸಲಿಲ್ಲ, ಹೊಗಳಿದರು. ‘ಇಡೀ ಊರು ನಿಮ್ಮ ಅಂಗೈಯೊಳಗ ಅದ ಮಾಸ್ತರ್ರ’ ಎಂದರು. ಮೋಟಾರಿನಲ್ಲಿ ಮುಂದೆ ಕೂರಿಸಿಕೊಂಡು ಹುಲಿಗಿಯವರೆಗೆ ಕರೆದುಕೊಂಡು ಹೋಗಿಬಂದರು. ಹೊಳೆಯ ದಂಡೆಯಲ್ಲಿ, ಹುಲಿಗೆಮ್ಮನ ಗುಡಿಗೆ ನಡೆದು ಬರುತ್ತಿದ್ದ ಜನರ ನಡುವೆ, ಹಾರ್ನಿನ ರಬ್ಬರು ಗುಂಡನ್ನು ನನ್ನ ಕೈಗೆ ಕೊಟ್ಟು ‘ಹಿಚುಕ್ರಿ’ ಎಂದರು. ಹಿಚುಕಿದೆ. ಪೋಂ! ಜನವೆಲ್ಲ ಎರಡು ಸಾಲಾಗಿ ಸರಿದು ದಾರಿ ಬಿಟ್ಟರು. ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದರೂ ನನ್ನ ಮಾತಿಗೆ ಇಷ್ಟು ಜನ ಒಟ್ಟಿಗೆ ಸರಿದದ್ದಿಲ್ಲ. ಮರಳಿ ಬಂದವನೇ ಪುಸ್ತಕ ಇಸಕೊಂಡು ಮೂರು ಸಂಜೆ ಬಾಗಿಲು ಹಾಕಿಕೊಂಡು ಕುಳಿತು ಅದರ ಮನೆಗಳನ್ನು ತುಂಬಿಸಿದೆ. ಕೆಟ್ಟದ್ದೇನೂ ಬರೆಯುತ್ತಿಲ್ಲ, ಯಾರಿಗೆ ಮೋಟಾರಿನಿಂದ ಅನುಕೂಲವೋ ಅಷ್ಟೇ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನವಲಿ ಕಡೆಯ ಒಬ್ಬರಿಗೆ ಧೂಳು ತಾಗಿದರೆ ದಮ್ಮು. ನಮ್ಮೂರ ವೀರನಗೌಡರ ಹೆಂಡತಿ ಗೌಡಶಾನಿಗೆ ಮೊಣಕಾಲು ನೋವು, ಚಕ್ಕಡಿ ಹತ್ತಲಾಗದು. ‘ಮದುವೆಗೆ ಬಂದ ಮಕ್ಕಳು’ ಎಂಬ ಮನೆಯಲ್ಲಿ: ಗೌಡರ ಮಗಳು ನೀಲವ್ವ, ಗದಗಿನಲ್ಲಿ ವರ ನೋಡಿಬಂದಿದ್ದಾರೆ.

ಈ ಕೊನೆಯ ಮಾತು ಎಂಥ ಗುಟ್ಟೆಂದು ಹೇಳಬೇಕು. ನಮ್ಮಲ್ಲಿ ವರ ನೋಡಲು ಹೋಗುವವರು ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಸಂಬಂಧ ಕೂಡದಿದ್ದರೆ ಊರ ನಾಲಗೆ ಹುಡುಗಿಯ ಮೇಲೆ ಹೊರಳುತ್ತದೆ. ಅದಕ್ಕೇ ಗೌಡರ ಮನೆಯವರು ‘ಹುಲಿಗೆಮ್ಮಗ ಹೊಂಟೀವಿ’ ಎಂದು ಓಣಿಗೆಲ್ಲ ಸಾರಿ ಟಾಂಗಾ ಹತ್ತಿದ್ದರು. ಹುಲಿಗಿ ಇರುವುದು ಮೂಡಲಿಗೆ, ಅವರು ಹತ್ತಿದ್ದು ಪಡುವಲಿನ ಗಾಡಿ. ಅದು ಗೊತ್ತಿದ್ದದ್ದು ಮನೆಯ ಹೊರಗೆ ಇಬ್ಬರಿಗೇ. ಗದಗಿಗೆ ಕಾಗದ ಬರೆದುಕೊಟ್ಟ ನನಗೆ, ಸ್ಟೇಶನ್ನಿನಲ್ಲಿ ಇಳಿಸಿ ಬಂದ ಹುಸೇನಸಾಬನಿಗೆ.

ತಿಂಗಳಾದ ಮೇಲೆ ಒಂದು ಸಂಜೆ ವೀರನಗೌಡರು ಬಣ್ಣದ ಲಕೋಟೆ ಹಿಡಿದು ಬಂದರು. ಕಟ್ಟೆಯ ಮೇಲೆ ಇನ್ನೂ ನಾಲ್ಕು ಮಂದಿ ಕುಳಿತಿದ್ದರು. ‘ಏನೋ ಮೋಟಾರಿನ ಚಿತ್ರ ಬಂದೈತಿ, ಓದ್ರಿ ಮಾಸ್ತರ. ನಮಗೂ ಹುಬ್ಬಳ್ಳ್ಯಾಗ ಗೆಳ್ಯಾರು ಆದ್ರು’ ಎಂದು ನಕ್ಕರು. ಚಿತ್ರವಿರುವ ಕಾಗದದಲ್ಲಿ ಸಾವು ಎಲ್ಲಿಂದ ಬರಬೇಕು? ಕಣ್ಣಾಡಿಸದೆ ನೇರವಾಗಿ ಗಟ್ಟಿಯಾಗಿ ಓದಿಬಿಟ್ಟೆ. ‘ತಮ್ಮ ಶ್ರೀಮತಿಯವರ ಮೊಣಕಾಲಿನ ನೋವನ್ನು ಕೇಳಿ ಬಹಳ ವ್ಯಸನವಾಯಿತು. ನಮ್ಮ ಮೋಟಾರಿನ ಮೆಟ್ಟಿಲು ಬಹಳ ತಗ್ಗು.’

‘ನಮ್ಮಾಕಿ ಮೊಣಕಾಲಿಗೆ ಇಂವ ಯಾಕ ಅಳತಾನ?’ ಎಂದರು ಗೌಡರು. ಉಳಿದವರು ನಕ್ಕರು.

ಓಡುತ್ತಿದ್ದ ನಾಲಗೆ ಮುಂದಿನ ಸಾಲಿಗೂ ಓಡಿತ್ತು. ‘ಕನ್ಯೆ ನೀಲವ್ವನವರಿಗಾಗಿ ನೋಡಿದ ಗದಗಿನ ಬೀಗರ ಬಾಗಿಲಲ್ಲಿ ತಾವು ಮೋಟಾರಿನಿಂದ ಇಳಿದರೆ...’

ಗದಗಿನವರು ಒಲ್ಲೆವೆಂದು ಹೇಳಿ ಕಳಿಸಿ ಎಂಟು ದಿನವಾಗಿತ್ತು. ಗೌಡರ ಬದುಕು ಆ ಎಂಟು ದಿನದಲ್ಲಿ ಬದಲಾಗಿತ್ತು, ರಾಯರ ಪುಸ್ತಕ ಬದಲಾಗಿರಲಿಲ್ಲ. ಗೌಡರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, ಉಳಿದವರೆಲ್ಲ ಮೆಲ್ಲಗೆ ಎದ್ದು ಹೋಗುವವರೆಗೆ ಕಾದು, ಸಣ್ಣ ದನಿಯಲ್ಲಿ ಹೇಳಿದರು. ‘ಈ ಮಾತು ಗೊತ್ತಿದ್ದಾವರು ಇಬ್ಬರು. ನೀವಂತೂ ಹೇಳೂ ಮನಷ್ಯಾ ಅಲ್ಲ. ಆ ಟಾಂಗಾದವನ ಇರಬೇಕು.’

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ನನಗೆ ಅಂದು ತಿಳಿಯಿತು, ಎಷ್ಟು ಕಷ್ಟ ಎಂದು ಮರುದಿನದಿಂದ ತಿಳಿಯತೊಡಗಿತು. ಹುಸೇನಸಾಬನ ಟಾಂಗಾಕ್ಕೆ ಹೆಣ್ಣುಮಕ್ಕಳು ಹತ್ತುವುದು ನಿಂತಿತು. ಎರಡು ಓಣಿ ಸುತ್ತಿ ಬೇರೆ ಟಾಂಗಾ ಹಿಡಿಯುತ್ತಿದ್ದರು. ಹಾಸು ಝಾಡಿಸಿ, ಕುದುರೆಗೆ ಕೆಂಪು ಗೊಂಡೆ ಕಟ್ಟಿ ಅವನು ನಿಂತೇ ಇರುತ್ತಿದ್ದ. ಊರೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿತು. ಹಜಾಮನ ಮುಂದೆ ಗಡ್ಡ ಒಡ್ಡಿ ಕುಳಿತವರು ತುಟಿ ಬಿಚ್ಚುತ್ತಿರಲಿಲ್ಲ. ಇಷ್ಟಾಗಿ ರಾಯರ ಮೋಟಾರು ಕೊಂಡವನು ಒಬ್ಬನೇ, ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿ. ಅವನ ಹೆಸರು ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಅವನ ಷಡ್ಡಕ ಒಂದು ಮೋಟಾರು ಕೊಂಡಿದ್ದನಂತೆ, ಅಷ್ಟೇ ಕಾರಣ.

ಹದಿನೈದು ದಿನ ಕಳೆದ ಮೇಲೆ ಹುಸೇನಸಾಬ ನನ್ನ ಕಟ್ಟೆಗೆ ಬಂದ. ಕೈಯಲ್ಲಿ ಹೊಸ ಲಕೋಟೆ. ‘ಮಾಸ್ತರ್ರ, ಹುಬ್ಬಳ್ಳಿ ಮೋಟಾರಿನವರಿಗೆ ಒಂದು ಕಾಗದ ಬರದ ಕೊಡ್ರಿ. ಗೌಡ್ರ ಮನಿ ಮಾತು ನಿಮಗ ಯಾರು ಹೇಳ್ಯಾರ, ಹೆಸರು ಹಾಕಿ ಕಳಸ್ರಿ ಅಂತ ಬರೀರಿ. ನಾ ಅಲ್ಲ ಅಂತ ಬಾಯಿಲೆ ಎಷ್ಟು ಹೇಳಿದ್ರೂ ಯಾರೂ ನಂಬವಲ್ರು. ಕಾಗದದಾಗ ಬಂದ್ರ ನಂಬತಾರ.’

ದೌತಿಯ ಮಸಿಯಲ್ಲಿ ಟಾಕು ಅದ್ದಿದೆ. ‘ಮೆಹರ್ಬಾನ್ ಸಾಹೇಬರಿಗೆ’ ಎಂದು ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ನನ್ನದೇ ಹೆಸರನ್ನು ಕಳಿಸಿರೆಂದು ಹುಬ್ಬಳ್ಳಿಯವರಿಗೆ ನನ್ನ ಕೈಯಿಂದಲೇ ಬರೆಯಬೇಕಲ್ಲ! ‘ಹುಸೇನಣ್ಣ, ಈ ಕಾಗದ ಹುಬ್ಬಳ್ಳಿಗೆ ಹೋಗೂದು ಬ್ಯಾಡ. ಹೇಳಿದಾಂವ ನಾನ’ ಎಂದೆ.

ಅವನು ಹೊಸ ಲಕೋಟೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. ‘ನನಗ ಹೇಳಿದ್ರ ಏನಾತ್ರಿ? ನಾ ಅಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು. ಏಳ್ರಿ, ಟಾಂಗಾ ಹತ್ರಿ’ ಎಂದ. ತನ್ನ ಪಕ್ಕ ಮುಂದೆಯೇ ಕೂರಿಸಿಕೊಂಡು, ಬಜಾರಿನ ನಟ್ಟ ನಡುವೆ, ಕುದುರೆಯನ್ನು ಹೆಜ್ಜೆ ಹೆಜ್ಜೆ ನಡೆಸುತ್ತ ಗೌಡರ ಮನೆಗೆ ಒಯ್ದ. ಆ ಸವಾರಿಯಲ್ಲಿ ದಾರಿ ಬಿಡಿಸಲು ಹಾರ್ನು ಬೇಕಾಗಲಿಲ್ಲ. ಜನ ತಾವೇ ನಿಂತು ನೋಡಿದರು.

ಪಡಸಾಲೆಯಲ್ಲಿ ನಿಂತು ಎಲ್ಲ ಹೇಳಿದೆ. ಗೌಡಶಾನಿ ಮೊಣಕಾಲು ಚಾಚಿ ಕುಳಿತಿದ್ದರು. ‘ಮುದುಕಿ ಮೊಣಕಾಲು, ಯಾರರ ಏನರ ಮಾಡಕೊಳ್ಳಲಿ. ನನ್ನ ಮಗಳ ಮಾತು ಯಾಕ ಬರದ್ರಿ ಮಾಸ್ತರ?’ ಎಂದರು.

ಸುಳ್ಳು ಹೇಳಲು ತೋಚಲಿಲ್ಲ. ‘ಹಾರ್ನ ಹಿಚುಕಾಕ ಕೊಟ್ಟಿದ್ರರೀ ಅವ್ವಾರ’ ಎಂದೆ.

ಗೌಡರು ಹಣೆ ಹಣೆ ಬಡಿದುಕೊಂಡರು. ‘ನಮ್ಮ ಮನಿ ಮಾನ ಒಂದು ಪೋಂ ಪೋಂಕ ಹೋತಲ್ಲೋ ಮಾರಾಯ!’ ಅದು ಬೈಗುಳವೋ ನಗೆಯೋ ಅವರಿಗೇ ತಿಳಿದಂತಿರಲಿಲ್ಲ. ಗೌಡಶಾನಿ ಮಾತ್ರ ಬಾಗಿಲಲ್ಲಿ ನಿಂತಿದ್ದ ಹುಸೇನಸಾಬನ ಕಡೆ ತಿರುಗಿ, ‘ತಪ್ಪಾತಪ್ಪಾ ಹುಸೇನಣ್ಣ. ನಾಳೆ ಮುಂಜಾನೆ ಟಾಂಗಾ ತಗೊಂಡು ಬಾ. ಈ ಸಲ ಖರೇನ ಹುಲಿಗಿಗೆ ಹೋಗೂದೈತಿ’ ಎಂದರು. ಆಗ ಒಳಗಿನಿಂದ ನೀಲವ್ವನ ದನಿ ಕೇಳಿಸಿತು. ‘ಅಪ್ಪಾ, ಈ ಮಾಸ್ತರಗ ಬ್ಯಾರೆ ಶಿಕ್ಷಾ ಬ್ಯಾಡ. ನನಗ ಓದಾಕ ಬರಿಯಾಕ ಕಲಸಲಿ. ನಮ್ಮ ಮನಿ ಕಾಗದ ನಮ್ಮ ಮನ್ಯಾಗ ಓದೂಣು.’

ಕಲಿಸಿದೆ. ಎರಡು ವರ್ಷದ ಮೇಲೆ ಅವಳಿಗೆ ಕುಷ್ಟಗಿಯ ಒಳ್ಳೆಯ ಮನೆಯಲ್ಲಿ ಮದುವೆಯಾಯಿತು. ಆ ಸಂಬಂಧದ ಕಾಗದಗಳನ್ನು ಬರೆದವಳು, ಓದಿದವಳು ಅವಳೇ. ನನಗೆ ಗೊತ್ತಾದದ್ದು ಹಂದರ ಹಾಕಿದ ದಿನ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಊರಿನವರು ನನ್ನ ಕಟ್ಟೆಗೆ ಕಾಗದ ತರುವುದನ್ನು ಬಿಟ್ಟು ಪಾಟಿ ಬಳಪ ತರಲು ಶುರು ಮಾಡಿದ್ದರು. ಬೆತ್ತ ಹಿಡಿದು, ಬೆಲ್ಲ ಕೊಟ್ಟು, ಹನ್ನೊಂದು ವರ್ಷದಲ್ಲಿ ನಾನು ಊರಿಗೆ ಕಲಿಸಿದ್ದಕ್ಕಿಂತ ಹೆಚ್ಚು ಅಕ್ಷರವನ್ನು ನನ್ನ ಮೇಲಿನ ಅನುಮಾನ ಎರಡು ವರ್ಷದಲ್ಲಿ ಕಲಿಸಿತು. ವಿಶ್ವಾಸಕ್ಕೆ ಯೋಗ್ಯನಾಗಿಯೇ ಉಳಿದಿದ್ದರೆ ಆ ಜನ ಇಂದಿಗೂ ಅಕ್ಷರವಿಲ್ಲದೆ ನನ್ನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಇದನ್ನು ನನ್ನ ತಪ್ಪಿಗೆ ಸಮಾಧಾನವೆಂದು ಹೇಳುತ್ತಿಲ್ಲ. ಹೇಳಿದರೂ ನೀವು ನಂಬಬೇಡಿ.

ಎಲ್ಲರಿಗಿಂತ ಕೊನೆಗೆ ಬಂದವನು ಹುಸೇನಸಾಬ. ‘ಪೂರಾ ಬ್ಯಾಡ್ರಿ ಮಾಸ್ತರ್ರ, ಈ ವಯಸ್ಸಿನಾಗ ಆಗೂದಿಲ್ಲ. ನನ್ನ ಹೆಸರು ಎಲ್ಲೆರ ಯಾರರ ಬರದಿದ್ರ ಗುರತ ಸಿಗೂವಷ್ಟು ಕಲಸ್ರಿ, ಸಾಕು’ ಎಂದ. ಪಾಟಿಯ ಮೇಲೆ ದೊಡ್ಡದಾಗಿ ‘ಹುಸೇನಸಾಬ’ ಎಂದು ಬರೆದುಕೊಟ್ಟೆ. ಅವನು ಅದನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದ. ಸಂತೋಷವಾಯಿತೆಂದು ತೋರಿತು. ಆಮೇಲೆ, ನನಗೆ ನೋವಾಗದಂತೆ ಬಹಳ ಮೆಲ್ಲಗೆ, ಪಾಟಿಯನ್ನು ತಿರುವಿ ಹಿಂದೆ ಏನಾದರೂ ಬರೆದಿದ್ದೇನೆಯೇ ಎಂದು ನೋಡಿದ.