ಕೊನೆಯ ಕಂಬದ ವೋಲ್ಟೇಜು

ಅವರ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಸಣ್ಣ ರೋಮಕ್ಕೂ ಮೆಣಸಿನಕಾಯಿಯ ಕೆಂಪು ಪುಡಿ ಅಂಟಿಕೊಂಡಿರುತ್ತಿತ್ತು. ಅವರು ಕಚೇರಿಯ ಹೊಸ್ತಿಲು ದಾಟಿದರೆ ನಾವು ನಾಲ್ಕೂ ಜನ ಸೀನಲು ಶುರುಮಾಡುತ್ತಿದ್ದೆವು. ಅವರು ಮಾತ್ರ ಒಮ್ಮೆಯೂ ಸೀನಿದ್ದನ್ನು ನಾನು ಕಾಣೆ. ಊರಿಗೆಲ್ಲ ಅವರು ಗಿರಣಿ ಅವ್ವ. ಬ್ಯಾಡಗಿಯ ವಿದ್ಯುತ್ ಕಚೇರಿಗೆ ನಾನು ಹೊಸ ಇಂಜಿನಿಯರಾಗಿ ಬಂದ ಮೊದಲ ಬೇಸಿಗೆಯಲ್ಲೇ ಅವರ ಕಾಟ ಆರಂಭವಾಯಿತು. ಆಗ ನಾನು ಅದನ್ನು ಕಾಟ ಎಂದೇ ಕರೆಯುತ್ತಿದ್ದೆ.

ಖಾರ ಕುಟ್ಟುವ ತಮ್ಮ ಗಿರಣಿಯ ತಗಡಿನ ಮೇಲೆ ಅವರು ಸೋಲಾರ್ ಪ್ಲೇಟು ಹಾಕಿಸಿದ್ದರು. ಅವರು ಬಳಸಿ ಮಿಕ್ಕ ಕರೆಂಟು ಓಣಿಯ ಲೈನಿಗೆ ಹೋಗುತ್ತಿತ್ತು. ಇಂಥ ಸಣ್ಣ ಸಣ್ಣ ಮಾಳಿಗೆ ಸೋಲಾರುಗಳಿಂದ ಲೈನಿಗೆ ಆಗುವ ಉಪಯೋಗವೇನು ಎಂದು ವರದಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವರದಿಯ ನಮೂನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಯೂನಿಟ್ ಬಂತು? ನಾನು ಮೀಟರು ನೋಡಿ ಬರೆದೆ. ಸಣ್ಣ ಅಂಕಿ. ಗಿರಣಿ ಅವ್ವ ಅದನ್ನು ಓದಿ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು.

ಅವರ ತಕರಾರು ಹೀಗಿತ್ತು. ಗಿರಣಿ ಇರುವುದು ಓಣಿಯ ಕೊನೆಯ ಕಂಬದ ಹತ್ತಿರ, ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಬಹಳ ದೂರ. ಬೇಸಿಗೆಯ ಮಧ್ಯಾಹ್ನ ಎಲ್ಲರ ಮನೆಯ ಕೂಲರು ತಿರುಗಲು ಹತ್ತಿದೊಡನೆ ಅಲ್ಲಿ ವೋಲ್ಟೇಜು ಬಿದ್ದುಹೋಗುತ್ತಿತ್ತು. ಫ್ಯಾನು ತೂಕಡಿಸುತ್ತಿತ್ತು, ಎದುರಿನ ದರ್ಜಿಯ ಹೊಲಿಗೆ ಯಂತ್ರ ಗುಂಯ್‌ಗುಟ್ಟುತ್ತಿತ್ತೇ ಹೊರತು ಓಡುತ್ತಿರಲಿಲ್ಲ. ಪ್ಲೇಟು ಬಂದ ಮೇಲೆ ಆ ತೊಂದರೆ ಹೋಯಿತು. ಗೋಡೆಯ ಮೇಲೆ ವೋಲ್ಟ್‌ಮೀಟರು ಕೂಡಿಸಿ, ದಿನಕ್ಕೆ ಮೂರು ಸಲ ಬರೆದಿಟ್ಟ ನೋಟ್‌ಬುಕ್ಕು ಅವರ ಕೈಯಲ್ಲಿತ್ತು.

"ಬರೇ ಯೂನಿಟ್ ಎಣಿಸಿದ್ರ ಹೆಂಗರಿ ಸಾಹೇಬ್ರ? ಯಾವಾಗ ಬಂತು, ಎಲ್ಲಿ ಬಂತು ಅನ್ನೂದು ಬ್ಯಾಡೇನು?"

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ ಎಂದೆ.

"ಇಲ್ಲಂದ್ರ ಒಂದ್ ಗೆರಿ ಹೊಡೀರಿ. ಕಾಲಂ ಆಗತೈತಿ."

ಆಮೇಲೆ ಪ್ರತಿ ಸೋಮವಾರ ಬಂದರು. ನಾನು ಕಂಬ ನೋಡಲು ಹೋಗಿದ್ದೇನೆ ಎಂದು ಹೇಳಿಸಿದರೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ನಾನು ಹಿಂದಿನ ಕೋಣೆಯಲ್ಲೇ ಸೀನು ತಡೆದುಕೊಂಡು ಕೂರಬೇಕಾಗುತ್ತಿತ್ತು. ಇಷ್ಟಾಗಿ ತಮ್ಮ ಪ್ಲೇಟನ್ನು ಹೊಗಳಿದರೂ ಅವರಿಗೆ ಆಗುತ್ತಿರಲಿಲ್ಲ. ಹಾವೇರಿಯಿಂದ ಬಂದ ಮೇಲಧಿಕಾರಿಯೊಬ್ಬರು, ಈ ಓಣಿಗೆ ಇನ್ನು ಹೊರಗಿನ ಕರೆಂಟೇ ಬೇಡ ಎಂದು ಖುಷಿಯಿಂದ ಅಂದಾಗ ಎಲ್ಲರೆದುರು ತಡೆದರು. ಸಂಜೆ ಏಳಕ್ಕೆ ತಮ್ಮ ಪ್ಲೇಟಿನಿಂದ ಒಂದು ಬಲ್ಬೂ ಹತ್ತುವುದಿಲ್ಲ, ಲೈನ್ ಹೋದರೆ ಅದೂ ಬಂದ್ ಆಗುತ್ತದೆ, ಹಾಗೆಲ್ಲ ಬರೆಯಬೇಡಿ ಎಂದರು. ಅಧಿಕಾರಿ ಮುಖ ಗಂಟು ಹಾಕಿಕೊಂಡು ಜೀಪು ಹತ್ತಿದರು. ಬೈಗಳು ತಿಂದವನು ನಾನು.

ಅದೇ ವರ್ಷ ದರ್ಜಿಯ ಯಂತ್ರದ ಮೋಟರು ಸುಟ್ಟುಹೋಯಿತು. ಕಾರಣ ಯಾರಿಗೂ ತಿಳಿಯಲಿಲ್ಲ. ಮರುದಿನ ಗಿರಣಿ ಅವ್ವ ತಾವಾಗಿಯೇ ಬಂದು ನೋಟ್‌ಬುಕ್ಕು ಬಿಚ್ಚಿದರು. ಮಾರ್ಕೆಟ್ ರಜೆಯ ದಿನ ಅಂಗಡಿ, ಗಿರಣಿ ಎಲ್ಲ ಮುಚ್ಚಿರುತ್ತಿದ್ದವು. ಅಂಥ ಮಧ್ಯಾಹ್ನಗಳಲ್ಲಿ ಅವರ ಪ್ಲೇಟಿನ ಕರೆಂಟಿಗೆ ಗಿರಾಕಿ ಇಲ್ಲದೆ ಕೊನೆಯ ಕಂಬದಲ್ಲಿ ವೋಲ್ಟೇಜು ವಿಪರೀತ ಏರಿತ್ತು. ಮೋಟರು ಸುಟ್ಟದ್ದೂ ಅಂಥದೇ ಒಂದು ದಿನ, ದರ್ಜಿ ಒಬ್ಬನೇ ಅಂಗಡಿ ತೆರೆದು ಹೊಲಿಯುತ್ತಿದ್ದಾಗ.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ನನಗೆ ತೋರಿಸಿದ್ದು ಯಾಕೆ ಎಂದು ರೇಗಿದೆ.

"ಬಿದ್ದದ್ದು ಬರೀರಿ ಅಂತ ವಾರವಾರ ಜಗಳಾಡೇನಿ. ಏರಿದ್ದು ಮುಚ್ಚಿಡಾಕ ಬರತೈತೇನು?" ಎಂದರು.

ಆ ಪುಟದ ನಕಲು ಮೇಲೆ ಹೋಯಿತು. ಅಲ್ಲಿಂದ ಬಂದದ್ದು ಒಂದೇ ಸಾಲಿನ ಆದೇಶ: ಗಿರಣಿಯ ಸೋಲಾರನ್ನು ಲೈನಿನಿಂದ ಬಿಡಿಸಿ. ನಾನೇ ಹೋಗಬೇಕಾಯಿತು. ರಣಬಿಸಿಲಿನ ಒಂದು ಮಧ್ಯಾಹ್ನ. ಅವರು ಜಗಳಕ್ಕೆ ನಿಲ್ಲಲಿಲ್ಲ. ಸ್ವಿಚ್ಚು ಎಲ್ಲಿದೆ ಎಂದು ತೋರಿಸಿ, ಸ್ಟೂಲು ಹಾಕಿದರು.

"ಬಂದ್ ಮಾಡ್ರಿ. ಆದ್ರ ಎರಡ ತಾಸ ಇಲ್ಲೇ ಕುಂದ್ರಿ."

ಕೂತೆ. ಕಾಲು ತಾಸಿನಲ್ಲೇ ನನ್ನ ತಲೆಯ ಮೇಲಿನ ಫ್ಯಾನಿನ ರೆಕ್ಕೆಗಳನ್ನು ಎಣಿಸುವಂತಾಯಿತು. ಎದುರು ಅಂಗಡಿಯಿಂದ, ಹೊಸ ಮೋಟರು ಹಾಕಿಸಿಕೊಂಡಿದ್ದ ಅದೇ ದರ್ಜಿ ಹೊರಬಂದು, ಯಂತ್ರ ನಿಂತಿದೆ, ಗಿರಣಿಯವರು ಏನು ಮಾಡಿದಿರಿ ಎಂದು ಕೇಳಿದ. ಗಿರಣಿ ಅವ್ವ ನನ್ನ ಕಡೆ ನೋಡಿದರು. ಎರಡು ತಾಸು ಕೂರಲು ನನ್ನಿಂದ ಆಗಲಿಲ್ಲ. ನಾನೇ ಎದ್ದು ಸ್ವಿಚ್ಚು ಹಾಕಿದೆ.

ವೋಲ್ಟೇಜು ಮಿತಿ ಮೀರಿದರೆ ತಾನೇ ನಿಲ್ಲುವಂತೆ ಅವರ ಸೋಲಾರಿನ ಇನ್ವರ್ಟರನ್ನು ಹೊಂದಿಸಿಕೊಟ್ಟೆ. ರಜೆಯ ಮಧ್ಯಾಹ್ನ ತಮ್ಮ ಗಿರಣಿಯನ್ನೇ ಓಡಿಸಿ ಆ ಕರೆಂಟು ಬಳಸುತ್ತೇನೆಂದು ಅವರು ಒಪ್ಪಿದರು, ಕೊನೆಯವರೆಗೂ ಹಾಗೇ ನಡೆದುಕೊಂಡರು. ನಮೂನೆಯಲ್ಲಿ ಗೆರೆ ಹೊಡೆದು ಹೊಸ ಕಾಲಂ ಮಾಡಿ ಅದನ್ನೆಲ್ಲ ವಿವರಿಸಿ ಬರೆದೆ. ಆದೇಶ ರದ್ದಾಗಲಿಲ್ಲ, ಜಾರಿಯೂ ಆಗಲಿಲ್ಲ. ನನ್ನ ವರದಿ ಮಾತ್ರ ರಾಣೆಬೆನ್ನೂರಿನ ವಿಭಾಗ ಕಚೇರಿಯಿಂದ ಮೂರು ಸಲ ಮರಳಿ ಬಂತು. ನಮೂನೆ ಬದಲಿಸತಕ್ಕದ್ದಲ್ಲ ಎಂಬುದೇ ಷರಾ. ಮೂರನೆಯ ಸಲ ನಾನು ಕೈಯಿಂದ ಹೊಡೆದ ಗೆರೆಯನ್ನು ಯಾರೋ ಕೆಂಪು ಶಾಯಿಯಿಂದ ಕಾಟು ಹಾಕಿದ್ದರು. ಸಿಟ್ಟಿನಿಂದ ಹಾಳೆಯನ್ನು ಗಿರಣಿ ಅವ್ವನ ಎದುರು ಎಸೆದೆ. ಅವರು ಅದನ್ನು ಎತ್ತಿ, ಮಡಿಕೆ ನೀವಿ, ತಿರುಗಿ ಕೊಟ್ಟರು.

"ನಾ ನಿಮ್ಮ ಕಡೆ ಎಷ್ಟ ಸಲ ಬಂದೇನಿ, ಲೆಕ್ಕ ಐತೇನು ತಮ್ಮಾ? ಇನ್ನೊಮ್ಮೆ ಕಳಸು."

ಅವರು ನನ್ನನ್ನು ತಮ್ಮಾ ಎಂದದ್ದು ಅದೊಂದೇ ಸಲ.

ಹೋದ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅಷ್ಟರಲ್ಲಿ ನನಗೆ ರಾಣೆಬೆನ್ನೂರಿಗೆ ವರ್ಗವಾಗಿತ್ತು. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮುಖ ನೋಡಲಾಗಲಿಲ್ಲ.

ಹದಿನೈದು ದಿನ ಕಳೆದು ಹಾವೇರಿಯಲ್ಲಿ ಸಭೆ. ಜಿಲ್ಲೆಯ ಮಾಳಿಗೆಗಳ ಸೋಲಾರಿನಿಂದ ಬಂದದ್ದನ್ನೆಲ್ಲ ಕೂಡಿಸಿ, ಇದರಿಂದ ಲೈನಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದು ಒಬ್ಬರು ಪರದೆಯ ಮೇಲೆ ತೋರಿಸಿದರು. ಎಲ್ಲರೂ ತಲೆಯಾಡಿಸಿದರು. ಸಭೆಗಳಲ್ಲಿ ಅದುವರೆಗೆ ಬಾಯಿ ಬಿಡದ ನಾನು ಎದ್ದುನಿಂತು ಬ್ಯಾಡಗಿಯ ಒಂದು ಓಣಿಯ ಸಂಗತಿ ಶುರುಮಾಡಿದೆ. ಸುಟ್ಟ ಮೋಟರಿನಿಂದಲೇ ಶುರುಮಾಡಿದೆ. ಅದು ಇವತ್ತಿನ ವಿಷಯವಲ್ಲ, ಕೂತುಕೊಳ್ಳಿ ಎಂದರು ಹಿರಿಯರು. ತುಸು ಹೊತ್ತಿನ ಮೇಲೆ ಇನ್ನೊಮ್ಮೆ, ಗಡುಸಾಗಿ, ಕೂತುಕೊಳ್ಳಿ ಎಂದರು.

ನಾನು ಕೂರಲಿಲ್ಲ.