ಅರ್ಧ ಸುತ್ತಿನ ಚಿಟ್ಟೆ

ಆ ಭಾನುವಾರ ಶಿವಪುತ್ರಪ್ಪ ಬೆಳಗಿನಿಂದಲೂ ಮಂಚದ ಮೇಲೆ ಕಾಗದ ಹರಡಿಕೊಂಡು ಕೂತಿದ್ದ. ಮುಂಬೈಯ ವಿಕ್ರೋಳಿಯ ಚಾಳಿನಲ್ಲಿ ಒಂದೇ ಖೋಲಿ. ಮಂಚ ಅವನದಾದರೆ ಹೆಂಡತಿ ಮಲ್ಲವ್ವನಿಗೆ ನೆಲ, ಮಗಳು ನೇತ್ರಾಗೆ ಹೊಸ್ತಿಲು.

ಮುಲುಂಡಿನ ಲಗ್ನಪತ್ರಿಕೆ ಅಂಗಡಿಯಲ್ಲಿ ಅವನಿಗೆ ಕೆಲಸ. ಅಲ್ಲಿ ಮೂಲೆಗೆ ಬಿದ್ದಿದ್ದ ಸಣ್ಣ ಕೈಮಷೀನನ್ನು ಸೇಠನಿಂದ ಕೇಳಿ ತಂದಿದ್ದ. ಎರಡು ಪ್ಲೇಟಿನ ನಡುವೆ ಚಿತ್ತಾರದ ಕಾಗದ, ಅದರ ಮೇಲೆ ಲೋಹದ ಅಚ್ಚು. ಹಿಡಿಕೆ ತಿರುಗಿಸಿದರೆ ಉರುಳೆಗಳ ನಡುವೆ ನುಸುಳಿ ಆಚೆ ಬರುವಷ್ಟರಲ್ಲಿ ಕಾಗದ ಹೂವೋ ಚಿಟ್ಟೆಯೋ ಆಗಿರುತ್ತಿತ್ತು. ಕತ್ತರಿಸುವವನು ಅವನು, ಅಂಟಿಸುವವಳು ಮಲ್ಲವ್ವ. ಆ ದಿನದ ಕಾರ್ಡು ಪಕ್ಕದ ಖೋಲಿಯ ರಾಜೀವಿಯ ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ.

ಅಚ್ಚಿನ ತೂತುಗಳಲ್ಲಿ ಕಾಗದದ ಚೂರುಗಳು ಸಿಕ್ಕಿಕೊಳ್ಳುತ್ತಿದ್ದವು. ಚುಚ್ಚಿ ತೆಗೆಯಲು ಅವನಿಗೆ ಅವಳ ತಾಳಿಯಲ್ಲಿ ತೂಗುವ ಪಿನ್ನೇ ಆಗಬೇಕು.

“ಏ ಮಲ್ಲೀ, ಪಿನ್ನ ತಾ.”

“ಇಡೀ ಮುಂಬೈದಾಗ ನನ್ನ ತಾಳ್ಯಾಗಿಂದು ಬಿಟ್ರ ಬ್ಯಾರೆ ಪಿನ್ನ ಇಲ್ಲೇನ್ರಿ?”

“ಅದಾವ. ಆದ್ರ ಅವನ್ನ ಕೊಡಾವ್ರು ಬೈಯಂಗಿಲ್ಲ. ಬೈಸ್ಕೊಳ್ಳದ ನನ್ನ ಕೈ ಓಡಂಗಿಲ್ಲ.”

ಬೈದೇ ಕೊಟ್ಟಳು. ಅವನು ಚೂರುಗಳನ್ನೆಲ್ಲ ನೆಲಕ್ಕೆ ಉದುರಿಸಿದ. ಅದಕ್ಕೂ ಬೈದಳು.

ಚಿಟ್ಟೆಯ ಅಚ್ಚು ಇಟ್ಟು ಹಿಡಿಕೆ ಅರ್ಧ ಸುತ್ತು ತಿರುಗಿಸಿದವನು ಅಲ್ಲೇ ನಿಲ್ಲಿಸಿ ತೋಳು ನೀವಿಕೊಂಡ. “ರಟ್ಟಿ ಯಾಕೋ ಜಡ ಆಗೇತಿ. ಇರ್ಲಿ, ನಾಳೆ ನೋಡೂನು.”

ನಡುವೆ ನಿಲ್ಲಿಸಬಾರದು, ಕಾಗದಕ್ಕೆ ಗೆರೆ ಬೀಳುತ್ತದೆ ಎಂದು ಸಾರಿ ಸಾರಿ ಹೇಳಿದವನೇ ಅವನು. ಅವಳಿಗೆ ಏನೂ ಹೊಳೆಯಲಿಲ್ಲ. ಅನ್ನಕ್ಕೆ ಇಟ್ಟಳು.

ಮರುದಿನ ಸ್ಟೇಷನ್ನಿನ ಸೇತುವೆ ಹತ್ತುವಾಗ ಕುಸಿದವನು ಮತ್ತೆ ಏಳಲಿಲ್ಲ.

ನೆಗೆಣ್ಣಿ ಸುಂದ್ರವ್ವ ಊರಿಂದ ಬಂದು ತಾಳಿ ತೆಗೆಸಿ, ಪಿನ್ನುಗಳ ಸಮೇತ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟು ಹೋದಳು. ಮಷೀನು ಮಾತ್ರ ಕಾಗದವನ್ನು ಅರ್ಧ ನುಂಗಿ ಹಾಗೇ ಕೂತಿತ್ತು. ಮಲ್ಲವ್ವ ಅದನ್ನು ಮಂಚದ ಕೆಳಗೆ ತಳ್ಳುವಳು, ಮತ್ತೆ ಎಳೆಯುವಳು, ಸ್ಟೂಲಿನ ಮೇಲಿಡುವಳು, ಅಲ್ಲಿಂದ ಕಿಟಕಿಗೆ. ನೀರಿಗೆ ಹೋದವಳು ಕೊಡ ನಳದ ಕೆಳಗೇ ಬಿಟ್ಟು ಓಡಿ ಬರುವಳು, ಯಾರಾದರೂ ತಿರುಗಿಸಿಬಿಟ್ಟರೇ ಎಂದು. ಆ ಅರ್ಧ ಸುತ್ತು ಅವನದು. ಪೂರ್ತಿ ಮಾಡಿದರೆ ಅವನ ಕೈಯ ಕೆಲಸ ಮುಗಿದೇ ಹೋಯಿತು.

ನೇತ್ರಾ ಒಮ್ಮೆ ಹಿಡಿಕೆ ಮುಟ್ಟಿದಳು. “ಮಮ್ಮೀ, ಆಂಟಿಗೆ ಕಾರ್ಡ್ ಕೊಡೋದು ಬಾಕಿ ಇದೆ ನಾ? ನಾನ್ ಘುಮಾಯಿಸ್ಲಾ?”

“ಕೈ ತಗಿ!”

ಹುಟ್ಟುಹಬ್ಬದ ಹಿಂದಿನ ದಿನ ರಾಜೀವಿ ಬಂದಳು. ಹೋಟೆಲಿನಲ್ಲಿ ತರಕಾರಿ ಹೆಚ್ಚಿದ ಕೈಯನ್ನು ಸೆರಗಿಗೆ ಒರೆಸುತ್ತ, “ಕಾರ್ಡಿನ ಚಿಂತೆ ಮಾಡ್ಬೇಡ ಮಾರಾಯ್ತಿ. ಅಂಗಡಿಯದ್ದು ತಂದ್ರಾಯ್ತು. ಒಂದು ವರ್ಷದ ಮಗು, ಅದಕ್ಕೆ ಓದ್ಲಿಕ್ಕುಂಟಾ? ಬಾಯಿಗೆ ಹಾಕಿ ಚೀಪ್ತದೆ, ಅಷ್ಟೆ” ಎಂದಳು.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಮಲ್ಲವ್ವನಿಗೆ ಉರಿಯಿತು. ಮಗುವಿಗೆ ಚಿಟ್ಟೆ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ಸುತ್ತು ಉಳಿಸಿಕೊಂಡರೆ ಮಾತು ಹೋಗುತ್ತದೆ.

“ಅಂಗಡೀದು ಯಾಕ? ಕುಂದ್ರು ನೀ.”

ಹಿಡಿಕೆ ಬಿಗಿದುಕೊಂಡಿತ್ತು. ಮಷೀನನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಒಂದೇ ಸಲಕ್ಕೆ ತಿರುಗಿಸಿದಳು. ಲಟಲಟ ಸದ್ದಾಗಿ ಪ್ಲೇಟು ಆಚೆ ಬಂತು.

ಚಿಟ್ಟೆ ಪೂರ್ತಿ ಕತ್ತರಿಸಿ ಬಂದಿತ್ತು. ರೆಕ್ಕೆಗೆ ಅಡ್ಡ ಒಂದು ಗೆರೆ. ಚೂರು ತೆಗೆಯಬೇಕೆಂದು ಅವಳ ಕೈ ಕೊರಳಿಗೆ ಹೋಯಿತು. ಕೊರಳು ಬರಿದು.

ನೇತ್ರಾ ತನ್ನ ದುಪಟ್ಟಾದ ಪಿನ್ನು ಬಿಚ್ಚಿ ಚಾಚಿದಳು.

“ಅದು ಬ್ಯಾಡ.” ಮಲ್ಲವ್ವ ಟ್ರಂಕು ತೆಗೆದಳು. ಗಂಟು ಬಿಚ್ಚಿ, ಒಂದು ಪಿನ್ನು ತೆಗೆದುಕೊಂಡು, ಮತ್ತೆ ಕಟ್ಟಿಟ್ಟಳು. ರಾಜೀವಿ ಬೇರೆ ಕಡೆ ನೋಡಿದಳು.

ಮಲ್ಲವ್ವ ಚೂರು ಚುಚ್ಚಿ ತೆಗೆದು, ಗೆರೆಯನ್ನು ಉಗುರಿನಿಂದ ತಿಕ್ಕಿದಳು. ಹೋಗಲಿಲ್ಲ. ಬೇರೆ ಕತ್ತರಿಸೋಣ ಎಂದಳು ನೇತ್ರಾ. ಮಲ್ಲವ್ವ ಅದನ್ನೇ ಕಾರ್ಡಿಗೆ ಅಂಟಿಸಿದಳು.

ರಾಜೀವಿ ಬೆರಳಾಡಿಸಿ ಕೇಳಿದಳು, “ಇದೆಂತದು, ಗೆರೆ?”

“ಅಲ್ಲೀತನಕ ಅವರು ತಿರುವಿದ್ದು. ಅಲ್ಲಿಂದ ಮುಂದ ನಾನು.”

ಈಗಲೂ ದಿನಾ ಬೆಳಗ್ಗೆ, ಚಹಾಕ್ಕೂ ಮೊದಲು, ರವಿಕೆಗೆ ಸಿಕ್ಕಿಸಿದ ಆ ಪಿನ್ನು ತೆಗೆದು ಅಚ್ಚಿನ ತೂತುಗಳನ್ನು ಒಂದೊಂದಾಗಿ ಚುಚ್ಚುತ್ತಾಳೆ. ಚೂರುಗಳನ್ನು ನೆಲಕ್ಕೇ ಉದುರಿಸುತ್ತಾಳೆ. ಆಮೇಲೆ ಕಸಬರಿಗೆ ಹಿಡಿದು, ಬೈಯುತ್ತ ಗುಡಿಸುತ್ತಾಳೆ.